ಇಲ್ಲಿ ಕಾಮೆಂಟ್ ಬರೆದುಕೊಡಲಾಗುವುದು

ನಾಚಿಕಿ ಬರೋವಂಥಾ ಕೆಲಸ ನಾನಾಗೇ ಹುಡುಕ್ಕೊಂಡು ಹೋಗೂದಿಲ್ರಿ, ಅವ ನನ್ನ ಟೇಬಲ್ ಹುಡುಕ್ಕೊಂಡು ಬರ್ತಾವ. ಕೊಪ್ಪಳ ಹೊಸಾ ಜಿಲ್ಲಾ ಆದ ವರ್ಷ, ಅಂದ್ರ ತೊಂಬತ್ತೇಳರಾಗ, ಕುಷ್ಟಗಿಯೊಳಗ ತಹಶೀಲ್ದಾರ್ ಕಚೇರಿ ಎದುರಿಗೆ ಕನ್ನಡ ಟೈಪ್‌ರೈಟರ್ ಇಟ್ಕೊಂಡು ಅರ್ಜಿ ಬರೆಯಾಕ ಕುಂತೆ. ಮೊದಲ ಆರು ತಿಂಗಳು ರೂಢಿ ಪ್ರಕಾರ 'ರಾಯಚೂರ ಜಿಲ್ಲೆ' ಅಂತನ ಬಡಿದು, ಮ್ಯಾಲೆ ಗೀಟು ಹಾಕಿ 'ಕೊಪ್ಪಳ' ಅಂತ ತಿದ್ದತಿದ್ದೆ. ಪಹಣಿ ತಿದ್ದುಪಡಿ ಇರ್ಲಿ, ಪಿಂಚಣಿ ಇರ್ಲಿ, ಮಂದಿ ತಮ್ಮ ಸಂಕಟ ಬಾಯಿಲೆ ಹೇಳ್ತಿದ್ರು, ನಾನು ಅದಕ್ಕ ಅಂಗಿ ಧೋತರ ಉಡಿಸಿ ಅಧಿಕಾರಿಗಳ ಮುಂದ ನಿಲ್ಲಸ್ತಿದ್ದೆ. ಊರೆಲ್ಲಾ ನನ್ನ ರೈಟರ್ ಅಂತನ ಕರೀತೈತಿ.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಆಮ್ಯಾಲೆ ಎಲ್ಲಾರ ಕೈಯಾಗೂ ಫೋನು ಬಂತು, ಫೋನಿನಾಗ ದಿಲ್ಲಿ ಸುದ್ದಿ ಬಂತು. ಸುದ್ದಿ ಬಂದಮ್ಯಾಲೆ ನಮ್ಮ ಮಂದಿ ಸುಮ್ಮನಿರತಾರೇನು? ಆದ್ರ ಅಂಗೈ ಅಗಲದ ಗಾಜಿನ ಮ್ಯಾಲೆ ಕನ್ನಡ ಒತ್ತೂದು ಹೊಲದಾಗ ದುಡಿದ ಬೆರಳಿಗೆ ಆಗೂದಿಲ್ಲ. 'ರೈಟರ್ರ, ಈ ಸುದ್ದಿ ಕೆಳಗ ನಂದೂ ನಾಕು ಮಾತು ಬರೀರಿ' ಅಂತ ಫೋನು ಹಿಡಕೊಂಡು ಬರಾಕ ಹತ್ತಿದ್ರು. ಹಿಂಗ ಅರ್ಜಿ ಬರೆಯೋವ ಕಾಮೆಂಟ್ ಬರೆಯೋವ ಆದೆ.

ಸಹಿ ಎಲ್ಲಿ ಮಾಡ್ಲಿ?

ಮೊದಲ ಬಂದಾವ ತಾವರಗೇರಾ ಕಡೆಯ ಒಬ್ಬ ರೈತ. ಬಜೆಟ್ಟಿನ ಸುದ್ದಿ ತೋರಿಸಿ, ತೊಗರಿಗೆ ರೇಟ್ ಇಲ್ಲ ಅನ್ನೂದು ದಿಲ್ಲಿಗೆ ಮುಟ್ಟೂ ಹಂಗ ಬರೀರಿ ಅಂದ. ನನಗ ಗೊತ್ತಿದ್ದದ್ದು ಒಂದ ನಮೂನಿ ಬರವಣಿಗಿ. 'ಮಾನ್ಯರ ಸನ್ನಿಧಾನಕ್ಕೆ' ಅಂತ ಸುರು ಮಾಡಿ, ವಿಷಯ, ಉಲ್ಲೇಖ ಎಲ್ಲಾ ಹಾಕಿ, 'ತಾವುಗಳು ದಯವಿಟ್ಟು ಸದರಿ ತೊಗರಿಯ ಬಗ್ಗೆ ಕ್ರಮ ಜರುಗಿಸಬೇಕಾಗಿ ವಿನಂತಿ' ಅಂತ ಮುಗಿಸಿದೆ. ಕೆಳಗ 'ಲಗತ್ತು: ಪಹಣಿ ಒಂದು ಪ್ರತಿ' ಅಂತನೂ ಬರದೆ.

ಆತ ಎಲ್ಲಾ ಕೇಳಿಸ್ಕೊಂಡು ಸಹಿ ಎಲ್ಲಿ ಮಾಡ್ಲಿ ಅಂದ. ಇದಕ್ಕ ಸಹಿ ಬೇಕಾಗೂದಿಲ್ಲ ಅಂದೆ. ಸಹಿ ಇಲ್ಲದ ಅರ್ಜಿ ಕಸದ ಬುಟ್ಟಿಗೆ ಹೋಗತೈತಿ ಅಂತ ಹೋದ ವರ್ಷ ನೀವ ಹೇಳಿದ್ರಿ ಅಂತ ಪಟ್ಟು ಹಿಡದ. ಕಡೀಕ ಹಾಳಿ ಮ್ಯಾಲೆ ಸಹಿ ಮಾಡಿಸಿ, ಅದರ ಫೋಟೋ ತಗದು ಕೆಳಗ ಹಚ್ಚಿದೆ.

ಎಂಟು ದಿನ ಬಿಟ್ಟು ಬಂದು, ಅರ್ಜಿ ಮುಟ್ಟಿದ್ದಕ್ಕ ಏನಾದ್ರೂ ಗುರುತು ಬಂದೈತೇನು ನೋಡ್ರಿ ಅಂದ. ನೋಡಿದ್ರ, ಅದರ ಕೆಳಗ ಸಾಲು ಸಾಲು ನಗೋ ಮಾರಿ. ಮಂದಿ ಬಿದ್ದು ಬಿದ್ದು ನಕ್ಕಿದ್ರು. ಇವೇನು ಹಳದಿ ಮಾರಿ ಅಂತ ಕೇಳಿದ. ಖರೇ ಹೇಳಾಕ ಬಾಯಿ ಬರಲಿಲ್ರಿ. ನೋಡಿದವ್ರು ಹಾಕಿದ ಮೊಹರು ಅಂತ ಹೇಳಿಬಿಟ್ಟೆ. ಆ ಮನಿಷ್ಯಾ ಫೋನು ಕಣ್ಣಿಗೆ ಒತ್ತಿಕೊಂಡು, "ಇಷ್ಟು ವರ್ಷ ಅರ್ಜಿ ಕೊಟ್ಟೀನ್ರಿ, ನಗನಗತಾ ತಗೊಂಡವ್ರು ಇವರ ಮೊದಲು" ಅಂದ.

ಎರಡು ನಿಮಿಷ

ನನ್ನ ಟೇಬಲ್ ಮಗ್ಗಲಕ ಒಂದು ಚಾದ ಅಂಗಡಿ ಐತಿ. ಅಲ್ಲಿ ದಿನಾ ಮುಂಜಾನಿ ಇಬ್ಬರು ದೋಸ್ತರು ಒಂದ ಉದ್ದನ್ನ ಕಟಗಿ ಬಾಕಿನ ಮ್ಯಾಲೆ ಕುಂದರ್ತಿದ್ರು. ಒಬ್ರು ರಿಟೈರ್ ಆದ ಲೈನ್‌ಮನ್. ಇನ್ನೊಬ್ರು ಗಾದಿ ಹೊಲಿಯೋ ಸಾಹೇಬ್ರು. ಸಾಹೇಬ್ರು ಹತ್ತಿ ಪಿಂಜಿ ಹೊಲಿದ ಗಾದಿ ಇಲ್ಲದ ನಮ್ಮ ಓಣ್ಯಾಗ ಒಂದು ಮದುವಿ ಆಗಿದ್ದಿಲ್ಲ. ಲೈನ್‌ಮನ್‌ದು ಒಂದು ಪಕ್ಷ, ಸಾಹೇಬ್ರದು ಇನ್ನೊಂದು. ಚಾ ಮಾತ್ರ ಒಂದ, ಅದರಾಗ ಅರ್ಧಾ ಅರ್ಧಾ. ಮೂವತ್ತು ವರ್ಷದ ದೋಸ್ತಿ.

ಒಂದಿನ ನನ್ನ ಫೋನಿಗೆ ದಿಲ್ಲಿಯ ಒಬ್ಬ ಭಾಳ ಹಿರೇ ಮುಖಂಡ್ರು ತೀರಿಕೊಂಡ್ರು ಅಂತ ಸುದ್ದಿ ಬಂತು. ಖರೇನೋ ಸುಳ್ಳೋ ನೋಡಲಿಲ್ಲ. 'ದೇಶವು ಇಂದು ಬಡವಾಯಿತು' ಅಂತ ಚೊಲೋ ಕನ್ನಡದಾಗ ಸಂತಾಪ ಬರದು ನಾಕು ಗ್ರೂಪಿಗೆ ಕಳಿಸಿ, ಚಾದ ಅಂಗಡಿಗೆ ಹೋಗಿ ಸಾರಿದೆ. ಲೈನ್‌ಮನ್ ಆ ಮುಖಂಡರ ಪಕ್ಷದವ್ರು, ಕಣ್ಣಾಗ ನೀರು ತಂದ್ರು. ನಾನ ಮುಂದಾಗಿ ಎಲ್ಲಾರೂ ಎರಡು ನಿಮಿಷ ಮೌನ ನಿಲ್ಲೋಣು ಅಂದೆ. ಅಂಗಡಿಯವ ಮರ್ಯಾದಿಗಂತ ಟಿವಿ ಧ್ವನಿ ಬಂದ್ ಮಾಡಿದ. ಎಲ್ಲಾರೂ ತಲಿ ತಗ್ಗಿಸಿ ನಿಂತಿವಿ.

ಟೈಮ್ ಎಷ್ಟಾತು ಅಂತ ನಾನು ಮೆಲ್ಲಕ ಗಡಿಯಾರದ ಕಡೆ ನೋಡಿದೆ. ಗಡಿಯಾರದ ಕೆಳಗ ಟಿವಿ. ಟಿವಿಯಾಗ ತೀರಿಕೊಂಡವ್ರು ಹಾರ ಹಾಕಿಸ್ಕೊಂಡು ಮಂದಿಗೆ ಕೈ ಬೀಸಾಕ ಹತ್ತಿದ್ರು. ಕೆಳಗ 'ನೇರ ಪ್ರಸಾರ' ಅಂತ ಬರದಿತ್ತು. ಒಬ್ಬೊಬ್ಬರ ಕಣ್ಣೂ ಅಲ್ಲಿಗೆ ಹೋತು. ಭೂಮಿ ಬಾಯಿ ಬಿಟ್ರ ಒಳಗ ಹೋಗಬೇಕು ಅನಿಸ್ತು ನನಗ. ಸಾಹೇಬ್ರು ತಗ್ಗಿಸಿದ ತಲಿ ಎತ್ತದ, ತಣ್ಣಗ ಅಂದ್ರು: "ಒಂದು ನಿಮಿಷ ಆಗೇತಿ, ಇನ್ನೊಂದೂ ಮುಗಿಸಿಬಿಡೋಣು. ಮುಂದ ಖರೇನ ತೀರಿಕೊಂಡಾಗ ಲೆಕ್ಕಕ್ಕ ಹಿಡಕೊಳ್ಳೋಣು."

ನನ್ನ ಮ್ಯಾಲೆ ನಾನು

ಈಗ ಹೇಳೂದು ನಗೂ ಮಾತಲ್ಲ, ಆದ್ರೂ ಹೇಳ್ತೀನಿ. ಹೊಟ್ಟ್ಯಾಗ ಇಟ್ಕೊಂಡು ಸಾಕಾಗೇತಿ.

ದೋಸ್ತರು ಇಬ್ಬರೂ ಬಾಕಿನ ಮ್ಯಾಲೆ ಕುಂತು ವಾದ ಮಾಡಿದ್ರ ಚಾ ಮುಗಿಯೂದ್ರಾಗ ವಾದಾನೂ ಮುಗೀತಿತ್ತು. ಅಷ್ಟ್ರಾಗ ಫೇಸ್‌ಬುಕ್ಕಿನಾಗ ನಮ್ಮ ಕಡೆಯ ಮಂದಿ ಓದೋ ಒಂದು ಸುದ್ದಿ ಪೇಜು ಸುರು ಆತು, ಲೋಕಸಭಾ ಇಲೆಕ್ಷನ್ನೂ ಬಂತು. ಒಂದಿನ ಮುಂಜಾನಿ ಲೈನ್‌ಮನ್ ಆಕಡೆ ಈಕಡೆ ನೋಡಿ ನನ್ನ ಕಡೆ ಬಂದು, ಸಾಹೇಬ್ರು ಬಾಕಿನ ಮ್ಯಾಲೆ ಅಂದ ಮಾತಿಗೆ ಆ ಪೇಜಿನಾಗ ಉತ್ತರ ಬರೀರಿ, ನೀವು ಬರದದ್ದು ಅಂತ ಮಾತ್ರ ಆತಗ ಗೊತ್ತಾಗಬಾರದು, ನಾನ ಕೈಯಾರೆ ಬರೀತೀನಿ ಅಂತ ಆತಗ ಹೇಳೀನಿ ಅಂದ್ರು. ಸಂಜಿಕ ಸಾಹೇಬ್ರೂ ಬಂದು ಅದ ಮಾತು ಅಂದ್ರು. ನಾನು ಇಬ್ಬರಿಗೂ ಮಾತು ಕೊಟ್ಟೆ.

ಲೈನ್‌ಮನ್ ಹೇಳಿದ್ದು ಇಷ್ಟ: 'ದೋಸ್ತ, ನೀ ಹೇಳಿದ್ದು ನನಗ ಒಪ್ಪಿಗಿ ಇಲ್ಲ.' ಇಪ್ಪತ್ತು ವರ್ಷ ಅರ್ಜಿ ಬರದ ಕೈ ಅಷ್ಟಕ್ಕ ನಿಲ್ಲತೈತೇನು? ನಾನು ಬರದದ್ದು: 'ತಮ್ಮಂತಹ ಅಲ್ಪಜ್ಞರು ರಾಷ್ಟ್ರದ ಆಗುಹೋಗುಗಳ ಕುರಿತು ಬಾಯಿ ತೆರೆಯುವುದು ಉಚಿತವಲ್ಲ.' ಓದಿ ಹೇಳಿದೆ. ಏನೋ ಭಾರಿ ಐತಿ, ಇರ್ಲಿ ಅಂದ್ರು.

ಸಂಜಿಕ ಸಾಹೇಬ್ರು ಅದನ್ನ ತೋರಿಸಿ ಅಲ್ಪಜ್ಞ ಅಂದ್ರೇನು ಅಂತ ಕೇಳಿದ್ರು. ಕಡಿಮಿ ತಿಳಿದಾವ ಅಂತ ಹೇಳಿದೆ. ಅವರ ಮಾರಿ ಸಣ್ಣದಾತು. ಅವಗ ಇಂಥಾ ಮಾತು ಎಲ್ಲಿಂದ ಬಂದ್ವೋ ಅಂದ್ರು. ನಾನು ಅರಿವಿ ತಗೊಂಡು ಕೀಬೋರ್ಡ್ ಒರೆಸಾಕ ಹತ್ತಿದೆ. ಅವರು ಹೇಳಿದ ಉತ್ತರ: 'ಹಂಗ ಅನಬ್ಯಾಡಪಾ, ನನಗೂ ಸ್ವಲ್ಪ ತಿಳೀತೈತಿ.' ನಾನು ಬರದದ್ದು: 'ಅಂಧಾಭಿಮಾನದಲ್ಲಿ ಮುಳುಗಿದವರಿಗೆ ಸತ್ಯವು ಗೋಚರಿಸುವುದಾದರೂ ಎಂತು?'

ಮಂದಿ ಲೈಕ್ ಒತ್ತಿದ್ದ ಒತ್ತಿದ್ದು. ಮುಂಜಾನಿ ನನಗ ನಾನ ಬೈದು, ಸಂಜಿಕ ನನಗ ನಾನ ತಿರುಗಿ ಬೈಕೊಂತಿದ್ದೆ. ಎರಡೂ ಕಡೆ ಗೆದ್ದಾವ ನಾನ. ಒಂದಿನ ಇಬ್ಬರೂ ಬರಲಿಲ್ಲಂದ್ರ ಚಡಪಡಿಸ್ತಿದ್ದೆ. ಒಮ್ಮಿ ಲೈನ್‌ಮನ್ ಸಾಹೇಬ್ರ ಉತ್ತರ ಓದಿ, ಏನ ಅನ್ರಿ, ಬರವಣಿಗಿ ಮಾತ್ರ ಚೊಲೋ ಐತಿ ಅಂದ್ರು. ನನಗ ಖುಷಿ ತಡಕೊಳ್ಳಾಕ ಆಗಲಿಲ್ಲ. ಹೌದ್ರಿ, ಇಂಥಾದ್ದು ಬರೆಯೋವ್ರು ಈ ತಾಲೂಕಿನಾಗ ಮತ್ತೊಬ್ಬರಿಲ್ಲ ಅಂದೆ. ಅವರು ನನ್ನ ದಿಟ್ಟಿಸಿ ನೋಡಿ, ನೀವು ಯಾರ ಕಡೆ ಅಂತ ಕೇಳಿದ್ರು.

ಉಂಡ ಅನ್ನ

ಒಂದು ಸಂಜಿಕ ಸಾಹೇಬ್ರು ಗಡಿಬಿಡ್ಯಾಗ ಇದ್ರು. 'ಇಲೆಕ್ಷನ್ ಮುಗಿದಮ್ಯಾಲೆ ಮಾತಾಡೋಣು ಅಂತ ಬರೀರಿ' ಅಂತ ಹೇಳಿ, ಫೋನು ನನ್ನ ಕಡೆ ಬಿಟ್ಟು ಅಂಗಡಿಗೆ ಹೋದ್ರು. ಆಸ್ತಿ ವಾಟ್ನಿ, ಅಂದ್ರ ಪಾಲು ಕೇಳೋ ಅರ್ಜಿಯೊಳಗ ನಾನು ಯಾವಾಗ್ಲೂ ಹಾಕೋ ಒಂದು ಸಾಲು ಐತಿ. ಅಣ್ಣತಮ್ಮರ ಜಗಳಕ್ಕೆಲ್ಲಾ ಅದನ್ನ ಬರದೀನಿ. ಅದನ್ನ ಎತ್ತಿ ಇಲ್ಲಿ ಹಾಕಿದೆ: 'ಉಂಡ ಅನ್ನದ ಋಣ ಮರೆತವರಿಂದ ನಾವು ಪಾಠ ಕಲಿಯಬೇಕಿಲ್ಲ.' ಯಾರಿಗೂ ಓದಿ ಹೇಳಲಿಲ್ಲ.

ಲೈನ್‌ಮನ್ ಹರೇದಾಗ ಒಮ್ಮಿ ಕಂಬದ ಮ್ಯಾಲಿಂದ ಬಿದ್ದು ಮೂರು ತಿಂಗಳು ಹಾಸಿಗಿ ಹಿಡಿದಿದ್ರು. ಹೆಂಡ್ತಿ ಬಾಣಂತನಕ ತವರಿಗೆ ಹೋಗಿದ್ರು. ಆ ಮೂರು ತಿಂಗಳು ಎರಡೂ ಹೊತ್ತು ಸಾಹೇಬ್ರ ಮನಿಯಿಂದ ಬುತ್ತಿ ಬಂದಿತ್ತು. ಊರಿಗೆಲ್ಲಾ ಗೊತ್ತಿದ್ದ ಮಾತು, ನನಗೂ ಗೊತ್ತಿತ್ತು. ಬರೆಯೋ ಹೊತ್ತಿಗೆ ನೆನಪಾಗಲಿಲ್ಲ. ಸಾಲು ಚೊಲೋ ಕುಂತಿತ್ತು, ಅಷ್ಟ ನೋಡಿದೆ.

ಮರುದಿನದಿಂದ ಬಾಕಿನ ಮ್ಯಾಲೆ ಸಾಹೇಬ್ರು ಒಬ್ರ. ಎರಡು ದಿನ ಬಿಟ್ಟು ಫೋನು ತಂದು, ಇದನ್ನ ನಾ ಹೇಳಿದ್ದಿಲ್ಲಲ್ರಿ ಅಂದ್ರು. ಇದೆಲ್ಲಾ ಬರೆಯೋ ರೀತಿ, ಯಾರೂ ಮನಸಿಗೆ ಹಚ್ಕೊಳ್ಳೂದಿಲ್ಲ ಅಂದೆ. ಓದಿದಾವ ಹೇಳ್ತಾನಂತ ಅವರು ನಂಬಿದ್ರು. ಅದನ್ನ ನೆನಸಿದ್ರ ಈಗೂ ಮೈಯೆಲ್ಲಾ ಹಿಡಿಯಾಗತೈತಿ.

ತಿಂಗಳ ಮ್ಯಾಲೆ ಲೈನ್‌ಮನ್ ಮಗಳ ಲಗ್ನಪತ್ರಿಕಿ ತಂದು, ಮ್ಯಾಲೆ ಹೆಸರು ಬರದುಕೊಡ್ರಿ ಅಂದ್ರು. ಪಟ್ಟಿಯೊಳಗ ಸಾಹೇಬ್ರ ಹೆಸರಿರಲಿಲ್ಲ. ಮರ್ತೀರೇನು ಅಂದೆ.

"ಅವ ನಾ ಉಂಡ ಅನ್ನ ಎತ್ತಿ ಆಡ್ಯಾನ. ಊರ ಮಂದಿ ಎಲ್ಲಾ ಓದ್ಯಾರ. ಯಾವ ಬಾಯಿಲೆ ಊಟಕ್ಕ ಕರೀಲಿ?" ಅಂದ್ರು. ಗಾದಿ ಕೊಪ್ಪಳದಾಗ ತಯಾರಿದ್ದದ್ದ ತಂದಾರಂತ.

ಅದ ದಿನ ಮಧ್ಯಾಹ್ನ ಸಾಹೇಬ್ರು ಬಂದ್ರು. ಮದುಮಗಳ ತೊಟ್ಟಲ ಗಾದಿನೂ ಅವರ ಹೊಲಿದಿದ್ದು. ಮದುವಿ ಗಾದಿಗಂತ ಹೋದ ವರ್ಷನ ಹತ್ತಿ ಪಿಂಜಿ ಇಟ್ಟಾರ. "ಕರೀದಿದ್ರೂ ನಡೀತೈತ್ರಿ, ಗಾದಿ ಅಷ್ಟ ಮುಟ್ಟಿಸ್ತೀನಿ. ಅದರ ಜೋಡಿ ಒಂದು ಚೀಟಿ ಬರದುಕೊಡ್ರಿ. ನನಗ ಬರೂದಿಲ್ಲ, ನೀವು ಚೊಲೋತ್ನಂಗ ಬರೀತೀರಿ" ಅಂದ್ರು.

ಕೀಬೋರ್ಡ್ ಮ್ಯಾಲೆ ಕೈ ಇಟ್ಟೆ, ಬೆರಳು ಎದ್ದೇಳಲಿಲ್ಲ. ಇಷ್ಟು ವರ್ಷದಾಗ ಮೊದಲ ಸಲ ನನಗ ಬರೆಯಾಕ ಆಗೂದಿಲ್ಲ ಅಂದೆ. ಸಾಹೇಬ್ರ ಕೈ ಹಿಡಕೊಂಡು ಸೀದಾ ಲೈನ್‌ಮನ್ ಮನಿಗೆ ಹೋದೆ.

ಹಂದರ ಹಾಕಿಸಾಕ ಹತ್ತಿದ್ದ ಲೈನ್‌ಮನ್ ಸಾಹೇಬ್ರನ್ನ ನೋಡಿ ಮಾರಿ ತಿರುವಿದ್ರು. ನಾನು ತಪ್ಪು ಒಪ್ಪಿಕೊಳ್ಳಬೇಕಂತ ಬಾಯಿ ತೆಗೆದ್ರ, "ಮಾನ್ಯರೇ, ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಅಂತನ ಬಂತು.

"ಏನಾಗೇತಿ ನಿಮಗ, ಮನಿಷ್ಯಾರಂಗ ಮಾತಾಡ್ರಿ" ಅಂದ್ರು ಲೈನ್‌ಮನ್.

ಅಳು ಬಂತ್ರಿ ನನಗ. ಅಲ್ಪಜ್ಞ ಅಂದಾವ ನಾನು, ಅಂಧಾಭಿಮಾನ ಅಂದಾವ ನಾನು, ಆ ಅನ್ನದ ಮಾತೂ ನಂದ, ಇವರು ಹೇಳಿದ್ದಲ್ಲ ಅಂತ ಎಲ್ಲಾ ಒದರಿಬಿಟ್ಟೆ. ಹಂದರ ಕಟ್ಟೋವ್ರೂ ಕೈ ನಿಲ್ಲಿಸಿ ಕೇಳಿದ್ರು.

ಲೈನ್‌ಮನ್ ಸಾಹೇಬ್ರ ಕಡೆ ಮಾರಿ ತಿರುಗಿಸಿ ಕೇಳಿದ್ರು: "ಅಂದ್ರ ಅದೆಲ್ಲಾ ನೀ ಬರದದ್ದಲ್ಲ?"

"ಅಲ್ಲ. ನೀನು?"

"ನಾನೂ ಅಲ್ಲ."

ಸಾಹೇಬ್ರು ಹೆಗಲ ಮ್ಯಾಲಿನ ವಸ್ತ್ರದಲೆ ಕಣ್ಣು ಒರೆಸಿಕೊಂಡು, "ನೀ ಇಷ್ಟು ಶಾಣ್ಯಾ ಯಾವಾಗ ಆದಿ ಅಂತ ನಾ ತಿಂಗಳಿಂದ ವಿಚಾರ ಮಾಡೀನೋ" ಅಂದ್ರು. ಲೈನ್‌ಮನ್‌ಗ ನಗೂ ಬಂತು, ನಗೂದ್ರಾಗ ಅಳೂ ಬಂತು.

ಹೇಳಿದಷ್ಟ ಬರಿ

ಅವತ್ತ ಇಬ್ಬರೂ ನನ್ನ ಟೇಬಲ್ ಮುಂದ ಕುರ್ಚಿ ಹಾಕ್ಕೊಂಡು ಕುಂತ್ರು. ಇಷ್ಟು ವರ್ಷ 'ಬರೀರಿ' ಅಂದವ್ರು ಅವತ್ತ 'ಬರಿ' ಅಂದ್ರು. ಆ ಒಂದು 'ರಿ' ಹೋದದ್ದು ಕಪಾಳಕ್ಕ ಹೊಡದಂಗಾತು. ಅದ ಪೇಜಿನಾಗ, ಇಬ್ಬರ ಹೆಸರಿಲೆ, ಅವರು ಹೇಳಿದ್ದನ್ನ ಒಂದಕ್ಷರ ಕೂಡಿಸದ ಬರದೆ:

'ನಾವಿಬ್ಬರೂ ಏನೂ ಬರದಿಲ್ಲ. ಎಲ್ಲಾ ರೈಟರ್ ಬರದಾನ. ಅವ ಚೊಲೋ ಬರೀತಾನ, ಮನಿಷ್ಯಾ ಚೊಲೋ ಇಲ್ಲ. ಐತವಾರ ಮಗಳ ಮದುವಿ ಐತಿ, ಎಲ್ಲಾರೂ ಬರ್ರಿ.'

ನನ್ನ ಜನ್ಮದಾಗ ಅಷ್ಟು ಲೈಕ್ ಯಾವುದಕ್ಕೂ ಬಿದ್ದಿಲ್ಲ.

ಆ ಪೇಜು ಊರ ಹೊರಗ ಎಷ್ಟು ಮಂದಿ ಓದತಾರ ಅನ್ನೂದು ಇಬ್ಬರಿಗೂ ಗೊತ್ತಿರಲಿಲ್ಲ. ನನಗ ಗೊತ್ತಿತ್ತು, ಆದ್ರ ಬಾಯಿ ಹಾಕಬ್ಯಾಡ ಅಂದಿದ್ರು. ಐತವಾರ ತಾವರಗೇರಾದಿಂದ ಟಂಟಂ ಗಾಡಿ ತುಂಬಿ ಬಂತು, ಯಲಬುರ್ಗಾದಿಂದ ಬಂದ್ರು, ಗಂಗಾವತಿಯಿಂದ ಎರಡೂ ಪಕ್ಷದವ್ರು ಒಂದ ಜೀಪಿನಾಗ ಬಂದ್ರು. ಬಂದಾವ್ರೆಲ್ಲಾ ಮೊದಲು ಕೇಳೂದು, 'ಆ ರೈಟರ್ ಯಾರು ತೋರಿಸ್ರಿ' ಅಂತ. ನಾನು ಕಂಬದ ಮರಿಗೆ ನಿಂತಿದ್ದೆ.

ಅಡಗಿ ಕಡಿಮಿ ಬೀಳತೈತಿ ಅಂತ ಲೈನ್‌ಮನ್‌ಗ ಬೆವರು ಬಿಟ್ಟಿತ್ತು. ಎಲ್ಲಾರಿಗೂ ಕೈ ಬಿಗಿಹಿಡಿದು ನೀಡ್ರಿ ಅಂತ ಹೇಳಿಕೊಂತ ಓಡ್ಯಾಡ್ತಿದ್ರು. ಇಷ್ಟು ಮಾಡಿದ ಪಾಪಕ್ಕ ಒಂದೀಟು ಸೇವಾ ಮಾಡೋಣಂತ ನಾನು ಸಾರಿನ ಬಕೀಟು ಎತ್ತಿಕೊಂಡು ಪಂಕ್ತಿಗೆ ಹೊಂಟೆ. ಮುಂದಿನ ಸಾಲಿನಾಗ ಕುಂತಿದ್ದ ಸಾಹೇಬ್ರು ನನ್ನ ನೋಡಿದವ್ರ, ಎಲಿ ಮ್ಯಾಲೆ ಎರಡೂ ಕೈ ಅಡ್ಡ ಹಿಡಿದು ಲೈನ್‌ಮನ್‌ನ ಕೂಗಿದ್ರು:

"ದೋಸ್ತ, ಇವನ ಕೈಯಾಗಿಂದ ಆ ಸೌಟು ಮೊದಲು ಕಸಗೋ. ಇವಗ ಎಷ್ಟು ಹೇಳ್ತೀವೋ ಅಷ್ಟ ಹಾಕಿ ಗೊತ್ತಿಲ್ಲ."