ಪುನರ್ವಸುವಿನ ಸಿಡುಕು ಜೋಡಿ

ದೂರದರ್ಶಕ ಹೊತ್ತು ಊರೂರು ಸುತ್ತುವವನು ನಗೆಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಬಂದು ಕಾಲಿಗೆ ತೊಡರುತ್ತವೆ. ನಾನು ಹುಣಸೂರಿನಲ್ಲಿ ಫಿಸಿಕ್ಸ್ ಮೇಷ್ಟ್ರು, ಬಿಡುವಾದಾಗ ಹಳ್ಳಿಯವರಿಗೆ ಆಕಾಶ ತೋರಿಸುತ್ತೇನೆ. ಪುನರ್ವಸುವಿನ ಪಕ್ಕದಲ್ಲೊಂದು ಮಂಕು ಕೆಂಪು ನಕ್ಷತ್ರವಿದೆ. ನೋಡಲು ಒಂದು, ನಿಜಕ್ಕೂ ಎರಡು! ತೀರಾ ಹತ್ತಿರವಿದ್ದು, ಒಂದು ದಿನ ತುಂಬುವ ಮೊದಲೇ ಒಂದನ್ನೊಂದು ಸುತ್ತಿಬಿಡುತ್ತವೆ. ಆ ರಭಸಕ್ಕೆ ಆಗಾಗ ಭಗ್ಗನೆ ಉರಿದೇಳುತ್ತವೆ. ಆ ಉರಿಯನ್ನು ಒಮ್ಮೆಯಾದರೂ ಕ್ಯಾಮೆರಾದಲ್ಲಿ ಹಿಡಿಯಬೇಕೆಂದು ಎಷ್ಟೋ ವರ್ಷದಿಂದ ಒದ್ದಾಡುತ್ತಿದ್ದೇನೆ.

ಒಂದೇ ಒಲೆ

ಗಾವಡಗೆರೆಯಲ್ಲಿ ಒಂದು ಸಂಜೆ ಇದನ್ನೇ ವಿವರಿಸುತ್ತಿದ್ದೆ. ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ಕೇಳಿದರು:

"ಇಬ್ರೂ ಒಂದೇ ಮನೇಲವ್ರಾ?"

"ಹೆಚ್ಚು ಕಡಿಮೆ ಹಾಗೇ, ಅಜ್ಜಿ."

"ಓರಗಿತ್ತೀರು ಅನ್ನಿ. ಉರೀದೆ ಇನ್ನೇನಾದದು? ಒಲೆ ಬ್ಯಾರೆ ಮಾಡ್ಸಿ ಮೇಷ್ಟ್ರೇ, ಎಲ್ಲಾ ಸರಿಯೋಯ್ತದೆ."

ಹಿಂದೆ ಕುಳಿತಿದ್ದ ಅವರ ಇಬ್ಬರು ಸೊಸೆಯರು ಆಕಾಶ ಬಿಟ್ಟು ಅಜ್ಜಿಯನ್ನೇ ನೋಡಿದರು. ಹಿರಿಯವಳು ಮೆಲ್ಲಗೆ, "ಅತ್ತೆ, ಇದ್ನ ಒಸಿ ಮನೇಲೂ ಯೋಳಿ" ಎಂದಳು.

ಕಲೆ ಬಿದ್ದ ಸರಕು

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಯಜಮಾನರೊಬ್ಬರಿಗೆ ಇಂಥ ನಕ್ಷತ್ರದ ಚಿತ್ರ ತೋರಿಸಿದೆ.

"ಈ ಕಪ್ಪು ಚುಕ್ಕಿ ಯಾಕೆ ಸಾ?"

"ಕಲೆಗಳು ಯಜಮಾನ್ರೇ. ಇಂಥ ಜೋಡಿಗಳಲ್ಲಿ ಜಾಸ್ತಿ. ಉರಿ ಏಳುವುದೂ ಸಾಮಾನ್ಯವಾಗಿ ಅಲ್ಲೇ."

ಅವರು ಚಿತ್ರವನ್ನು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿದರು, ಬೆರಳಲ್ಲಿ ಉಜ್ಜಿ ಮೂಸಿಯೂ ನೋಡಿದರು.

"ಸೊಪ್ಪು ಒಣಗ್ಸೋ ಬ್ಯಾರನ್‌ಗೆ ಸೌದೆ ಜಾಸ್ತಿ ತುಂಬವ್ರೆ. ಇದ್ನ ಹರಾಜಿಗೆ ತಕ್ಕೋಗ್ಬ್ಯಾಡಿ ಸಾ, ಯಾವ ಕಂಪ್ನಿಯೋರೂ ಮುಟ್ಟಲ್ಲ."

ಒಂದು ಕೂಗು

ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರು ಕಾಡಂಚಿನ ಊರು. ದೀಪಗಳ ಕಾಟವಿಲ್ಲ, ಆಕಾಶ ಕಡುಗಪ್ಪು. ಫೆಬ್ರವರಿಯ ಸಂಜೆ, ಗುರುತಿನ ರೈತರೊಬ್ಬರ ತಾರಸಿಯ ಮೇಲೆ ದೂರದರ್ಶಕ ನಿಲ್ಲಿಸಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆ. ನಕ್ಷತ್ರದ ಬೆಳಕಿನ ಏರಿಳಿತ ತೋರಿಸುವ ಗೆರೆ ಪರದೆಯ ಮೇಲೆ ಎಂದಿನಂತೆ ತೆಪ್ಪಗೆ ಮಲಗಿತ್ತು. ಇದ್ದಕ್ಕಿದ್ದಂತೆ ಎದ್ದಿತು! ಏರಿತು, ಇನ್ನೂ ಏರಿತು! ಇಷ್ಟು ವರ್ಷ ಕಾದ ಉರಿ ಅದೇ! ತಡೆಯಲಾರದೆ ಎದ್ದು ನಿಂತು, ಎರಡೂ ಕೈ ಎತ್ತಿ, ಗಂಟಲು ಹರಿಯುವಂತೆ ಕಿರುಚಿಬಿಟ್ಟೆ.

ಆ ಊರಿನಲ್ಲಿ ಕತ್ತಲಾದ ಮೇಲೆ ಯಾರೇ ಕಿರುಚಿದರೂ ಹೊಲಕ್ಕೆ ಆನೆ ನುಗ್ಗಿದೆ ಎಂದೇ ಲೆಕ್ಕ. ಕೇಳಿದವರು ಕೇಳಿದಲ್ಲಿಂದಲೇ ಎದ್ದು ಬರಬೇಕು, ಅದು ಅಲ್ಲಿಯ ಕಟ್ಟಳೆ. ಕ್ಷಣದಲ್ಲಿ ತಮಟೆ ಮೊಳಗಿತು, ಪಟಾಕಿ ಸಿಡಿಯಿತು, ಊರಿನ ಟಾರ್ಚುಗಳೆಲ್ಲ ನನ್ನ ತಾರಸಿಗೇ ತಿರುಗಿದವು. ಕ್ಯಾಮೆರಾ ಕುರುಡಾಯಿತು. ಗೆರೆ ಪರದೆಯ ತುದಿಗೆ ಹಾರಿ ಮಾಯವಾಯಿತು. ನನಗೆ ಅಳುವೇ ಬಂತು.

ಮನೆಯ ಯಜಮಾನರು ಏದುಸಿರು ಬಿಡುತ್ತಾ ಮೇಲೆ ಬಂದರು. "ಎಲ್ಲಿ ಸಾ ಆನೆ?"

"ಆನೆಯಲ್ಲ ಯಜಮಾನ್ರೇ, ನಕ್ಷತ್ರ! ಎಷ್ಟೋ ವರ್ಷದಿಂದ ಕಾದಿದ್ದೆ, ಈಗ ತಾನೇ ಉರಿದೆದ್ದಿತ್ತು!"

ಅವರು ಆಕಾಶವನ್ನೊಮ್ಮೆ ನೋಡಿ, ನನ್ನ ಬೆನ್ನು ತಟ್ಟಿ ಸಮಾಧಾನ ಹೇಳಿದರು:

"ಎದ್ರುಕೋಬ್ಯಾಡಿ ಸಾ. ಇಷ್ಟು ಪಟಾಕಿ ಒಡ್ದಿವ್ನಿ, ಇನ್ಯಾವತ್ತೂ ಅದು ಈ ಕಡೀಕೆ ತಲೆ ಆಕಲ್ಲ."