ಟಿಲ್ಲಿ ಎಂಬ ಹೇಸರಗತ್ತೆಯೂ ಪುಕ್ಕಟೆ ಪಿಜ್ಜಾವೂ

ಒಹಾಯೊ ರಾಜ್ಯದ ಕಾರ್ವರ್ ಕ್ರೀಕ್ ಎಂಬ ಊರಿನ ಮಕ್ಕಳಿಗೆ ಓದುವ ಹಸಿವು ಕಡಿಮೆಯಾಗಿದೆ ಎಂಬುದನ್ನು ಮೊಟ್ಟಮೊದಲು ಪತ್ತೆ ಹಚ್ಚಿದ್ದು ಅಲ್ಲಿನ ಶಾಲೆಯಲ್ಲ, ಹೆತ್ತವರೂ ಅಲ್ಲ. ಬೊರೆಲಿನೋ ಪಿಜ್ಜಾ ಕಂಪನಿ. ಹಸಿವಿನ ವಿಷಯದಲ್ಲಿ ಕಂಪನಿಗೆ ಮೊದಲಿನಿಂದಲೂ ಅನುಭವವಿತ್ತು.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರವೇ ಪ್ರತಿ ಮಗುವಿನ ಚೀಲದಲ್ಲಿ ಒಂದು ಪ್ರಕಟಣೆ ಮನೆಗೆ ಬಂತು. ಮೇಲುಗಡೆ ಕನ್ನಡಕ ಹಾಕಿಕೊಂಡ ಆಲಿವ್ ಕಾಯಿಯ ಚಿತ್ರ. ಅದರ ಹೆಸರು ಆಲಿವ್ ಮೇಷ್ಟ್ರು. ಕೆಳಗೆ ಹೀಗೆ ಅಚ್ಚಾಗಿತ್ತು:

“ತಿಂಗಳಿಗೆ ನಿಗದಿಯಾದಷ್ಟು ಪುಸ್ತಕ ಓದಿದ ಪ್ರತಿ ಮಗುವಿಗೂ ಅಂಗೈಯಗಲದ ಒಂದು ಪಿಜ್ಜಾ ಸಂಪೂರ್ಣ ಪುಕ್ಕಟೆ. ಮಗು ಓದಿದೆ ಎಂದು ತಾಯಿ ಅಥವಾ ತಂದೆ ಸಹಿ ಹಾಕತಕ್ಕದ್ದು. ಮಗು ಒಂಟಿಯಾಗಿ ಅಂಗಡಿಗೆ ಬರತಕ್ಕದ್ದಲ್ಲ. ಜೊತೆಗೆ ಬಂದವರು ಬರಿದೇ ಕೂರತಕ್ಕದ್ದಲ್ಲ. ಪಿಜ್ಜಾವನ್ನು ಮನೆಗೆ ಒಯ್ಯತಕ್ಕದ್ದಲ್ಲ. ಬರೀ ನೀರು ಕುಡಿಯುವುದಕ್ಕೆ ಆಕ್ಷೇಪಣೆಯಿಲ್ಲ; ಆದರೆ ಆಲಿವ್ ಮೇಷ್ಟ್ರಿಗೆ ಬೇಸರವಾಗುತ್ತದೆ.”

ರೋಂಡಾ ಪ್ರೂಯಿಟ್ ಇದನ್ನು ಅಡುಗೆಮನೆಯಲ್ಲಿ ನಿಂತು ಓದಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಒಳ್ಳೆಯದೇ ಆಯಿತು ಎಂದುಕೊಂಡಳು. ಮೂರನೇ ಕ್ಲಾಸಿನ ಮಗಳು ಮಾರ್ಲಾ ಹೇಗೂ ಓದುವ ಹುಡುಗಿ. ಬೆಳಗಿನ ತಿಂಡಿಯ ಸಿರಿಯಲ್ ಡಬ್ಬದ ಹಿಂಬದಿಯನ್ನೂ ಬಿಡದೆ ಓದುವವಳು. ತೆಳ್ಳನೆಯ ಚಿತ್ರದ ಪುಸ್ತಕಗಳನ್ನು ಕಡಲೆಬೀಜದ ಹಾಗೆ ಬಾಯಾಡಿಸಿ, ತಿಂಗಳು ಮುಗಿಯುವ ಮೊದಲೇ ಎದೆಯ ಮೇಲೆ ಕಂಪನಿ ಕೊಟ್ಟ ಬಿಲ್ಲೆಗೆ ನಕ್ಷತ್ರ ಅಂಟಿಸಿಕೊಂಡು ಮನೆಗೆ ಬಂದಳು. ಪ್ರೂಯಿಟ್ ಕುಟುಂಬ ಪುಕ್ಕಟೆ ಪಿಜ್ಜಾ ತಿನ್ನಲು ಹೊರಟಿತು.

ಮಾರ್ಲಾಳ ಪಿಜ್ಜಾ ಬಂತು. ನಾಲ್ಕು ವರ್ಷದ ಕೋಡಿ ಅದನ್ನೇ ದಿಟ್ಟಿಸಿದ.

“ನಂಗೆಲ್ಲಿ?”

“ಅಕ್ಕ ಪುಸ್ತಕ ಓದಿದ್ದಾಳೆ ಪುಟ್ಟ. ನಿಂಗೆ ಓದಕ್ಕೆ ಬರಲ್ಲ” ಎಂದಳು ರೋಂಡಾ.

“ಬರತ್ತೆ!” ಎಂದು ಕೋಡಿ ಕೆಚಪ್ ಶೀಸೆಯನ್ನು ತಲೆಕೆಳಗಾಗಿ ಹಿಡಿದು ಗಟ್ಟಿಯಾಗಿ ಓದಿದ. ಶೀಸೆಯ ಮುಚ್ಚಳ ಸಡಿಲವಾಗಿತ್ತು. ಅವನನ್ನು ಸುಮ್ಮನಾಗಿಸಲು ಇನ್ನೊಂದು ಅಂಗೈ ಪಿಜ್ಜಾ ತರಿಸಬೇಕಾಯಿತು, ಅದು ಪುಕ್ಕಟೆಯದಲ್ಲ. ಜೊತೆಗೆ ಬಂದವರು ಬರಿದೇ ಕೂರುವಂತಿಲ್ಲವಾದ್ದರಿಂದ ಗಾಜಿನ ಕಾರ್ಖಾನೆಯಿಂದ ನೇರವಾಗಿ ಬಂದಿದ್ದ ಗಂಡ ಡ್ವೇನ್‌ಗೆ ಒಂದು ದೊಡ್ಡದು. ದೊಡ್ಡದು ತರಿಸಿದವರು ಸಲಾಡ್ ತಗೊಳ್ಳದಿದ್ದರೆ ಹೇಗೆ ಎಂದು ಪರಿಚಾರಿಕೆ ನಕ್ಕಳು. ಬಾಗಿಲ ಬಳಿ ಗಾಜಿನ ಪೆಟ್ಟಿಗೆಯೊಳಗೆ ಬೊಂಬೆಗಳನ್ನು ಎತ್ತುವ ಒಂದು ಕಬ್ಬಿಣದ ಕೈ ಇತ್ತು. ಅದು ಬೊಂಬೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಎತ್ತಿತು; ಮುಖ್ಯವಾಗಿ ಡ್ವೇನ್‌ನ ಜೇಬಿನ ಚಿಲ್ಲರೆಯನ್ನು.

ಕಾರಿನಲ್ಲಿ ಡ್ವೇನ್ ಖಾಲಿ ಜೇಬನ್ನು ತಡವಿಕೊಂಡ. ಹಿಮ ಬೀಳುವ ಮೊದಲು ಹಾಕಿಸಬೇಕೆಂದಿದ್ದ ಟೈರಿನ ದುಡ್ಡು ಸಲಾಡಿನ ಪಾಲಾಗಿತ್ತು.

“ಪುಕ್ಕಟೆ ಪಿಜ್ಜಾ ಚೆನ್ನಾಗೇನೋ ಇತ್ತು ರೋಂಡಾ. ಆದ್ರೆ ತಿಂಗಳ್ ತಿಂಗಳೂ ಪುಕ್ಕಟೆ ತಿನ್ನೋ ಅಷ್ಟು ಅನುಕೂಲಸ್ಥರಲ್ಲ ನಾವು” ಎಂದ.

ಊರಲ್ಲಿ ಇದೇ ಪಾಡು. ಪಕ್ಕದ ಮನೆಯ ಲೋರೆಟ್ಟಾ ಬೇಲಿಗೆ ಒರಗಿಕೊಂಡು ಕಣ್ಣೊರೆಸಿಕೊಂಡಳು.

“ಮಕ್ಕಳು ನಾಲ್ಕಕ್ಕೆ ನಾಲ್ಕೂ ಓದ್ತವೆ ಕಣೇ. ದೊಡ್ಡವನಾದ್ರೂ ಓದಲ್ಲ ಅಂದ್ಕೊಂಡಿದ್ದೆ. ಮೊನ್ನೆ ಅವನ ಹಾಸಿಗೆ ಕೆಳಗೆ ಪುಸ್ತಕ ಸಿಕ್ತು!”

“ಅಯ್ಯೋ ಪಾಪ. ಎಷ್ಟು ದಿನದಿಂದ?”

“ಯಾರಿಗೆ ಗೊತ್ತು? ಕೇಳಿದ್ರೆ ಸ್ನೇಹಿತರದ್ದು ಅಂತಾನೆ.”

ಅಂಥ ಮನೆಗಳ ಬಗ್ಗೆ ಜನ ದನಿ ತಗ್ಗಿಸಿ ಮಾತಾಡತೊಡಗಿದ್ದರು. ಓದದ ಮಕ್ಕಳ ತಾಯಂದಿರು ಹೊಸ ಕೋಟು ಹಾಕಿಕೊಂಡು ಚರ್ಚಿಗೆ ಬರುತ್ತಿದ್ದರು.

ಸಹಿ ಹಾಕಬೇಡ, ಅಷ್ಟೇ ತಾನೆ ಎಂದು ಡ್ವೇನ್ ಸೂಚಿಸಿದ. ರೋಂಡಾ ಸೌಟು ಹಿಡಿದೇ ತಿರುಗಿದಳು. “ಓದಿರೋ ಮಗೂನ ಓದಿಲ್ಲ ಅಂತ ಬರೀಲಾ? ನಾನು ಜಿಪುಣಿ ಇರಬಹುದು, ಸುಳ್ಳುಗಾತಿ ಅಲ್ಲ.” ಆಮೇಲೆ ಸೌಟನ್ನು ಕೆಳಗಿಟ್ಟು ಸ್ವಲ್ಪ ಯೋಚಿಸಿ, “ಮುಗಿಸಿದ್ರೆ ತಾನೆ ಸಹಿ?” ಎಂದಳು.

ಮಾರನೆಯ ದಿನ ಶಾಲೆಯ ಪುಸ್ತಕಭಂಡಾರಕ್ಕೆ ಹೋದಳು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕಿ ಅಡೆಲ್ ತಲೆಯೆತ್ತಿದರು.

“ನಿಮ್ಮಲ್ಲಿರೋ ಅತೀ ದಪ್ಪನೆ ಪುಸ್ತಕ ಕೊಡಿ.”

“ಯಾವ ವಿಷಯದ್ದು ಬೇಕಮ್ಮ?”

“ದಪ್ಪ ಅಂದೆನಲ್ಲ.”

“ಮಗು ಇನ್ನೂ ಮೂರನೇ ಕ್ಲಾಸು...”

“ಅಕ್ಷರ ಸಣ್ಣದಿದ್ರೆ ಇನ್ನೂ ಒಳ್ಳೇದು. ಚಿತ್ರ ಇರೋದು ಬೇಡ, ಬೇಗ ಮುಗಿಯತ್ತೆ.”

ಅಡೆಲ್ ಏಣಿ ಹತ್ತಿ, ಧೂಳು ಹೊಡೆದು, ಎರಡೂ ಕೈಯಲ್ಲಿ ಒಂದು ಪುಸ್ತಕ ಇಳಿಸಿದರು. ಕಾಲುವೆಯಲ್ಲಿ ದೋಣಿ ಓಡಾಡುತ್ತಿದ್ದ ಕಾಲದ ಕಥೆ. ದಡದಲ್ಲಿ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿದ್ದ ಟಿಲ್ಲಿ ಎಂಬ ಹೇಸರಗತ್ತೆಯ ಜೀವನ. ಊರಿನ ಕಾಲುವೆ ಸಂಘದವರು ಎಂದೋ ಅಚ್ಚು ಹಾಕಿಸಿದ್ದು. ಉಳಿದಿರುವುದು ಇದೊಂದೇ ಪ್ರತಿ ಎಂದರು ಅಡೆಲ್. ರೋಂಡಾ ಅದನ್ನು ತೂಗಿ ನೋಡಿ, ಕುಂಬಳಕಾಯಿ ಆರಿಸಿದವಳ ತೃಪ್ತಿಯಿಂದ ಮನೆಗೆ ತಂದಳು.

ಲೆಕ್ಕಾಚಾರ ಸರಿಯಾಗಿಯೇ ಇತ್ತು. ಒಂದು ತಿಂಗಳು ಕಳೆಯಿತು, ಪುಸ್ತಕ ಕರಗಲಿಲ್ಲ. ಸಹಿ ಇಲ್ಲ, ನಕ್ಷತ್ರ ಇಲ್ಲ, ಸಲಾಡ್ ಇಲ್ಲ. ಮನೆಯಲ್ಲಿ ನೆಮ್ಮದಿ ನೆಲೆಸಿತು. ಒಂದೇ ಒಂದು ವಿಷಯ ಮಾತ್ರ ರೋಂಡಾ ಎಣಿಸಿದಂತೆ ನಡೆಯಲಿಲ್ಲ. ಮಾರ್ಲಾ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಪಾತ್ರೆ ತೊಳೆಯುತ್ತಿದ್ದ ರೋಂಡಾಳ ಕಿವಿಗೆ ಮುಚ್ಚಳವಿರಲಿಲ್ಲ.

“ಅಮ್ಮ, ಟಿಲ್ಲೀನ ಮಾರಿಬಿಟ್ರು!”

“ಯಾರಿಗೆ?”

“ಆ ಮೀಸೆ ಉಪ್ಪಿನ ವ್ಯಾಪಾರೀಗೆ.”

“ಅವನಿಗಾ? ಆ ಮುಖಾನ ಮೊದಲನೇ ಸಲ ನೋಡಿದಾಗ್ಲೇ ಅಂದೆ ನಾನು. ಮುಂದೆ ಓದು. ಅಲ್ಲ, ನಿಧಾನವಾಗಿ ಓದು.”

ತೊಳೆದ ತಟ್ಟೆಗಳನ್ನೇ ರೋಂಡಾ ಮತ್ತೆ ತೊಳೆಯತೊಡಗಿದಳು. ಟಿಲ್ಲಿ ಉಪ್ಪಿನ ಗಾಡಿಯಿಂದ ತಪ್ಪಿಸಿಕೊಂಡು ಕಾಲುವೆಯ ದಡ ಹಿಡಿದು ಹಳೆಯ ಮನೆಯ ಕಡೆ ಹೊರಟ ದಿನ ಡ್ವೇನ್ ಊಟದ ಡಬ್ಬ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟು ಕೆಲಸಕ್ಕೆ ತಡವಾಗಿ ಹೋದ. ಮೇಲ್ವಿಚಾರಕ ಕಾರಣ ಕೇಳಿದಾಗ “ಮನೇಲಿ ಒಂದು ಹೇಸರಗತ್ತೆಗೆ ಕಷ್ಟ ಬಂದಿದೆ” ಎಂದನಂತೆ. ಮೇಲ್ವಿಚಾರಕನೂ ಮಕ್ಕಳೊಂದಿಗ. ಅರ್ಥ ಮಾಡಿಕೊಂಡ.

ಟಿಲ್ಲಿ ಪ್ರವಾಹದಲ್ಲಿ ಸಿಕ್ಕಿಕೊಂಡು, ಮುರಿದ ಸೇತುವೆಯ ಕಂಬಕ್ಕೆ ಒರಗಿ ನಿಂತಿದ್ದ ಸಂಜೆ ಶಾಲೆಯಿಂದ ಕರೆ ಬಂತು.

ಕ್ಲಾಸಿನ ಗೋಡೆಯ ಮೇಲೆ ಕಂಪನಿ ಕೊಟ್ಟ ಒಂದು ದೊಡ್ಡ ಪಟ್ಟಿ ತೂಗುತ್ತಿತ್ತು. ಉಳಿದೆಲ್ಲರ ಹೆಸರಿನ ಮುಂದೆ ಆ ತಿಂಗಳ ನಕ್ಷತ್ರ. ಮಾರ್ಲಾಳ ಹೆಸರಿನ ಮುಂದೆ ಬರೀ ಹಾಳೆಯ ಬಣ್ಣ. ಟೀಚರ್ ಮಿಸ್ ಹ್ಯಾಕೆಟ್ ಪಕ್ಕದಲ್ಲಿ ಪಿಜ್ಜಾ ಅಂಗಡಿಯ ಮ್ಯಾನೇಜರ್ ಸ್ಟೋಕ್ಸ್, ಮಕ್ಕಳ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು ಕೂತಿದ್ದರು.

“ಇಡೀ ಕ್ಲಾಸು ಗುರಿ ಮುಟ್ಟಿದ್ರೆ ಇಡೀ ಕ್ಲಾಸಿಗೆ ಪಾರ್ಟಿ” ಎಂದರು ಮಿಸ್ ಹ್ಯಾಕೆಟ್. “ಹೆತ್ತವರ ಸಮೇತ. ನಿಮ್ಮ ಮಗಳೊಬ್ಬಳಿಂದ ಎಲ್ಲರಿಗೂ ತಪ್ಪಿಹೋಗ್ತಿದೆ. ಅವಳು ಯಾಕೆ ಓದ್ತಿಲ್ಲ?”

“ಓದ್ತಾನೇ ಇದ್ದಾಳೆ. ಊಟಕ್ಕೆ ಕರೆದ್ರೂ ಬರಲ್ಲ.”

“ಅದೇ ನಮ್ಮ ಚಿಂತೆ” ಎಂದರು ಸ್ಟೋಕ್ಸ್ ತುಂಬ ಮೃದುವಾಗಿ. “ಊಟಕ್ಕೆ ಬರದಷ್ಟು ಓದೋದು ನಮ್ಮ ಯೋಜನೆಯ ಉದ್ದೇಶ ಅಲ್ಲ, ಮೇಡಂ.”

ಮಿಸ್ ಹ್ಯಾಕೆಟ್ ಕನ್ನಡಕ ಸರಿಮಾಡಿಕೊಂಡು ಕಂಪನಿಯ ನಿಯಮ ಓದಿದರು. “ಪುಸ್ತಕ ಎಂದರೆ ಮುಂದೊಂದು ರಟ್ಟು, ಹಿಂದೊಂದು ರಟ್ಟು ಇದ್ದು, ನಡುವೆ ಆದಷ್ಟು ಕಡಿಮೆ ಇರುವ ವಸ್ತು. ಮಗುವನ್ನು ಬಹುಕಾಲ ಹಿಡಿದಿಡುವ ವಸ್ತುವನ್ನು ಓದಿಗೆ ಅಡಚಣೆ ಎಂದು ಪರಿಗಣಿಸಿ ತೆರವುಗೊಳಿಸತಕ್ಕದ್ದು.”

ಟಿಲ್ಲಿಯನ್ನು ತೆರವುಗೊಳಿಸಲಾಯಿತು. ಅಮ್ಮನ ಜೊತೆ ಬಂದಿದ್ದ ಮಾರ್ಲಾ ಅಳಲಿಲ್ಲ. ಪುಸ್ತಕ ಕೊಡುವಾಗ ಪುಟದ ಮೂಲೆ ಮಡಿಸಿ, “ಅವಳು ನೀರಲ್ಲಿ ನಿಂತಿದ್ದಾಳೆ ಮಿಸ್, ಬೇಗ ವಾಪಸ್ ಕೊಡಿ” ಎಂದಳು. ಪುಟ ಮಡಿಸಬಾರದು ಎಂದು ಮಿಸ್ ಹ್ಯಾಕೆಟ್ ತಿಳಿಹೇಳಿದರು.

ಬದಲಿಗೆ ಸ್ಟೋಕ್ಸ್ ತಮ್ಮ ಚೀಲದಿಂದ ಬೊರೆಲಿನೋ ಅಂಗಡಿಯ ಮೆನು ತೆಗೆದು ಮೇಜಿನ ಮೇಲಿಟ್ಟರು. ಮುಂದೊಂದು ರಟ್ಟು, ಹಿಂದೊಂದು ರಟ್ಟು. ಪಾನೀಯಗಳ ಹಾಳೆಯನ್ನು ಎರಡನೇ ಸಂಪುಟ ಎಂದೂ, ಸಿಹಿತಿಂಡಿಗಳ ಹಾಳೆಯನ್ನು ಮೂರನೆಯದೆಂದೂ ಶಾಲೆ ಅಂದೇ ಒಪ್ಪಿಕೊಂಡಿತು. ಮಾರ್ಲಾ ನಿಂತಲ್ಲೇ ಎಲ್ಲ ಸಂಪುಟಗಳನ್ನೂ ಮುಗಿಸಿದಳು. ಓದಿದ್ದರ ಬಗ್ಗೆ ಅಭಿಪ್ರಾಯ ಬರೆಯಬೇಕಿತ್ತು. ಬರೆದಳು: “ಈ ಪುಸ್ತಕದಲ್ಲಿ ತುಂಬಾ ಜನ ಬರುತ್ತಾರೆ. ಕೊನೆಗೆ ಎಲ್ಲರೂ ಬೆಂದುಹೋಗುತ್ತಾರೆ. ಟಿಲ್ಲಿಗೆ ಏನಾಯಿತು ಎಂದು ಇದರಲ್ಲಿ ಹೇಳಿಲ್ಲ.” ಮಿಸ್ ಹ್ಯಾಕೆಟ್ ‘ಅತ್ಯುತ್ತಮ’ ಎಂದು ಬರೆದರು. ರೋಂಡಾ ಸಹಿ ಹಾಕಬೇಕಾಯಿತು. ಮಗು ಓದಿದ್ದು ನಿಜವೇ ಆಗಿತ್ತು.

ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

“ಮುಳುಗಿರಲ್ಲ ಬಿಡು. ಹೇಸರಗತ್ತೆ ಈಜತ್ತೆ” ಎಂದ ಡ್ವೇನ್.

“ನಿಮಗೇನ್ರೀ ಗೊತ್ತು? ಹಿಂದಿನ ಕಾಲಿಗೆ ಪೆಟ್ಟಾಗಿತ್ತಲ್ಲ” ಎಂದಳು ರೋಂಡಾ. ಮಾರ್ಲಾ ಸಿರಿಯಲ್ ಡಬ್ಬವನ್ನು ಓದುವುದನ್ನೂ ಬಿಟ್ಟಿದ್ದಳು. ತಿನ್ನುವಾಗ ಅದನ್ನು ಗೋಡೆಯ ಕಡೆ ತಿರುಗಿಸಿಡುತ್ತಿದ್ದಳು. ರೋಂಡಾ ಅದನ್ನು ಎರಡು ಸಲ ಇತ್ತ ತಿರುಗಿಸಿಟ್ಟಳು, ಮಗಳು ಎರಡು ಸಲವೂ ಅತ್ತ ತಿರುಗಿಸಿದಳು. ಪುಸ್ತಕ ಕೇಳಲು ರೋಂಡಾ ಅಡೆಲ್ ಹತ್ತಿರ ಓಡಿದಳು. “ನನ್ನ ಕೈಲಿಲ್ಲಮ್ಮ. ಕಂಪನಿಗೆ ಕೃತಜ್ಞತೆಯ ಕುರುಹು ಅಂತ ಶಾಲೆಯವರು ಕೊಟ್ಟುಬಿಟ್ರು” ಎಂದರು ಅಡೆಲ್.

“ಪಿಜ್ಜಾ ಅಂಗಡೀಲಿ ಅದನ್ನ ಓದೋರ್ಯಾರು?”

“ಓದ್ತಾರೆ ಅಂತ ಯಾರಂದ್ರು?”

ಪಾರ್ಟಿಯ ದಿನ ಇದಕ್ಕೆ ಉತ್ತರ ಸಿಕ್ಕಿತು. ಅಂಗಡಿ ತುಂಬ ನಕ್ಷತ್ರದ ಬಿಲ್ಲೆಗಳು, ಬಾಗಿಲಲ್ಲಿ ಆಲಿವ್ ಮೇಷ್ಟ್ರ ವೇಷ ತೊಟ್ಟು ಬೆವರುತ್ತಿದ್ದ ಯಾರೋ ಒಬ್ಬರು, ಮೂಲೆಯಲ್ಲಿ ತನ್ನ ನಾಲ್ವರು ಓದುಗರ ನಡುವೆ ಕುಸಿದು ಕೂತ ಲೋರೆಟ್ಟಾ. ಕೋಡಿಗೆ ಮೇಜು ಎಟುಕಲಿಲ್ಲ. ಪರಿಚಾರಿಕೆ, “ಮಕ್ಕಳ ಆಸನ ತರ್ತೀನಿ” ಎಂದು ಹೋಗಿ, ಎರಡೂ ಕೈಯಲ್ಲಿ ಏನನ್ನೋ ಹೊತ್ತು ತಂದು ಕುರ್ಚಿಯ ಮೇಲೆ ಧೊಪ್ಪನೆ ಇಟ್ಟು, ಅದರ ಮೇಲೆ ಕೋಡಿಯನ್ನು ಕೂರಿಸಿದಳು. ಎತ್ತರ ಹೇಳಿಮಾಡಿಸಿದ ಹಾಗಿತ್ತು.

ಮಾರ್ಲಾ ತಮ್ಮನ ಕೆಳಗೆ ಬಗ್ಗಿ ನೋಡಿದಳು. ಮಡಿಸಿದ ಮೂಲೆ ಇನ್ನೂ ಹಾಗೆಯೇ ಇತ್ತು.

“ಅಮ್ಮ! ಕೋಡಿ ಟಿಲ್ಲಿ ಮೇಲೆ ಕೂತಿದ್ದಾನೆ!”

“ಏಳೋ ಮೇಲೆ!” ಎಂದರು ಅಪ್ಪ, ಅಮ್ಮ, ಅಕ್ಕ ಒಟ್ಟಿಗೆ.

“ಏಳಲ್ಲ. ಎದ್ರೆ ಗಿಡ್ಡ ಆಗ್ತೀನಿ.”

ಕೋಡಿಯನ್ನು ಡ್ವೇನ್ ತೊಡೆಯ ಮೇಲೆ ಎತ್ತಿಕೊಂಡ. ಮಾರ್ಲಾ ಪುಸ್ತಕ ಬಿಡಿಸಿದಳು. ಪ್ರವಾಹ, ಕತ್ತಲೆ, ದೂರದಲ್ಲಿ ಒಂದು ಲಾಂದ್ರ. ರೋಂಡಾ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೇಳಿದಳು. ಟಿಲ್ಲಿಯ ಕಾಲಿಗೆ ನೆಲ ಸಿಕ್ಕಿತು! ಡ್ವೇನ್ ಮೇಜು ಗುದ್ದಿದ. ಲೋರೆಟ್ಟಾ ಮೂಲೆಯಿಂದಲೇ “ಏನಂತೆ? ಬದುಕಿತಂತಾ?” ಎಂದು ಕೂಗಿ, ಕುರ್ಚಿ ಎಳೆದುಕೊಂಡು ಬಂದಳು. ಅಷ್ಟರಲ್ಲಿ ಅಧ್ಯಾಯ ಮುಗಿಯಿತು, ತಟ್ಟೆಯೂ ಖಾಲಿಯಾಯಿತು, ಸ್ಟೋಕ್ಸ್ ಬಂದು ನಿಂತರು.

“ಆಸನ ಸಾಮಗ್ರಿಯನ್ನು ಹೊರಗೆ ಒಯ್ಯುವಂತಿಲ್ಲ ಮೇಡಂ.”

“ದುಡ್ಡು ತಗೊಂಡು ಕೊಟ್ಬಿಡಿ ಮತ್ತೆ.”

“ಕುರ್ಚಿ ಮಾರೋದು ನಮ್ಮ ವ್ಯಾಪಾರ ಅಲ್ಲ.” ಅವರಿಗೂ ಮನಸ್ಸು ಕರಗಿತ್ತು, ಟಿಲ್ಲಿಗೆ ನೆಲ ಸಿಕ್ಕಾಗ ಅವರೂ ಕಂಬದ ಹಿಂದೆ ನಿಂತು ಕೇಳಿಸಿಕೊಂಡಿದ್ದರು. “ಆದರೆ ಗಿರಾಕಿ ತಿನ್ನುತ್ತಿರುವವರೆಗೆ ಆಸನ ಗಿರಾಕಿಯದು. ಅದರ ಮೇಲೆ ಕೂರಬಹುದು. ಬೇಕಿದ್ದರೆ ಓದಬಹುದು.”

ಅಂದಿನಿಂದ ಪ್ರೂಯಿಟ್ ಕುಟುಂಬ ಪ್ರತಿ ಶುಕ್ರವಾರ ಬೊರೆಲಿನೋಗೆ ಹೋಗುತ್ತಿದೆ. ಲೋರೆಟ್ಟಾಳ ಸಂಸಾರವೂ ಬರುತ್ತದೆ; ಗಾಜಿನ ಕಾರ್ಖಾನೆಯ ಮೇಲ್ವಿಚಾರಕನೂ ಬರುತ್ತಾನೆ. ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಯ ಬಾಗಿಲಿಗೆ ಹೊಸ ಪ್ರಕಟಣೆ ಬಂತು: “ನಿಗದಿಯಾದಷ್ಟು ಪಿಜ್ಜಾ ತಿಂದ ಪ್ರತಿ ಕುಟುಂಬಕ್ಕೂ ಒಂದು ಅಧ್ಯಾಯ ಸಂಪೂರ್ಣ ಪುಕ್ಕಟೆ.” ಊರಿನಲ್ಲಿ ಓದುವ ಹವ್ಯಾಸ ಬೆಳೆಸಿದ್ದಕ್ಕಾಗಿ ಶಾಲೆ ಕಂಪನಿಗೆ ಒಂದು ಫಲಕ ಕೊಟ್ಟಿತು. ಕಂಪನಿ ಶಾಲೆಗೆ ಹೊಸ ಮೆನುಗಳನ್ನು ಕೊಟ್ಟಿತು. ಅಡೆಲ್ ಅವನ್ನು ಸಂಪುಟದ ಕ್ರಮದಲ್ಲಿ ಜೋಡಿಸಿಟ್ಟಿದ್ದಾರೆ. ಡ್ವೇನ್ ಹಿಮದಲ್ಲಿ ಹಳೆಯ ಟೈರಿನ ಮೇಲೆಯೇ ಬಹಳ ನಿಧಾನವಾಗಿ, ಹೇಸರಗತ್ತೆ ನಡೆದ ಹಾಗೆ ಕಾರು ಓಡಿಸುತ್ತಾನೆ. ಅಷ್ಟು ನಿಧಾನವಾಗಿ ಹೋದರೂ ಇದುವರೆಗೆ ಒಂದು ಅಧ್ಯಾಯಕ್ಕೂ ತಡವಾಗಿಲ್ಲ.

ಕಳೆದ ಶುಕ್ರವಾರ ಟಿಲ್ಲಿ ಹಳೆಯ ಮನೆಯ ಬೆಟ್ಟದ ತಪ್ಪಲಿಗೆ ಬಂದು ಮುಟ್ಟಿದ್ದಳು. ಪರಿಚಾರಿಕೆ ಕೋಡಿಯ ಕುರ್ಚಿಯ ಮೇಲೆ ಪುಸ್ತಕವಿಟ್ಟು, ಪೆನ್ಸಿಲ್ ಹಿಡಿದು ನಿಂತಳು.

“ಏನ್ ಕೊಡ್ಲಿ ಮೇಡಂ? ಚಿಕ್ಕದಾ, ದೊಡ್ಡದಾ?”

ರೋಂಡಾ ಮಗಳ ಕಡೆ ನೋಡಿದಳು. ಮಾರ್ಲಾ ಮುಂದಿನ ಅಧ್ಯಾಯದ ಪುಟಗಳನ್ನು ಬೆರಳಲ್ಲಿ ಹಿಡಿದು, ಎಷ್ಟು ದಪ್ಪ ಎಂದು ಅಮ್ಮನಿಗೆ ತೋರಿಸಿದಳು.

“ದೊಡ್ಡದೇ ಕೊಡು. ಅಣಬೆ ಜಾಸ್ತಿ ಹಾಕು. ಸಲಾಡೂ ಇರಲಿ” ಎಂದಳು ರೋಂಡಾ. “ಇವತ್ತು ಬೆಟ್ಟ ಹತ್ತೋದಿದೆ.”