ಶಿವಮಲ್ಲಮ್ಮನ ಕಳೆದುಹೋದ ಭಯ

ಶಿವಮಲ್ಲಮ್ಮನಿಗೆ ಒಂದೇ ಕೊರಗು: ನಲವತ್ತು ತುಂಬಿತು, ಭಯವೇ ಆಗುತ್ತಿಲ್ಲ! (ಗಂಡನಿಗೆ ಹೆದರುವುದನ್ನು ಮದುವೆಯಾದ ಎರಡನೇ ವಾರವೇ ಬಿಟ್ಟಿದ್ದಳು, ಆ ಮಾತು ಬೇರೆ.)

ಕೊರಗು ಹತ್ತಿದ್ದು ಟ್ರಂಕಿನ ತಳದಲ್ಲಿ ಹಳೇ ದೆವ್ವದ ಕಾದಂಬರಿ ಸಿಕ್ಕ ದಿನ. ಹದಿನಾರರ ವಯಸ್ಸಿನಲ್ಲಿ ಅವಳೂ ಗೆಳತಿ ಕೆಂಚಮ್ಮನೂ ತವರಿನ ಹುಣಸೆಮರದಡಿ ಕೂತು ಅದನ್ನು ಏಳು ಸಲ ಓದಿದ್ದರು. ನಾಯಕಿ ಹಾಲು ಒಲೆ ಮೇಲಿಟ್ಟು ಪಾಳು ಬಂಗಲೆಗೆ ಕಾಲಿಡುತ್ತಿದ್ದಂತೆ ಕೆಂಚಮ್ಮ ಇವಳ ಕೈ ಹಿಡಿದು ಉಗುರು ನಾಟಿಸುತ್ತಿದ್ದಳು. ಇಬ್ಬರೂ ಕಿರುಚಿಕೊಂಡು ಮನೆತನಕ ಓಟ!

ಈಗ ಅದೇ ಪುಟ ಓದಿದರೆ, ‘ಅಯ್ಯೋ, ಹಾಲು ಉಕ್ಕೋದಿಲ್ವಾ?’ ಅನ್ನಿಸಿತು. ಹತ್ತು ಕೋಣೆಯ ಬಂಗಲೆ, ಅಡುಗೆಯಿಲ್ಲ, ಮುಸುರೆಯಿಲ್ಲ. ಆ ದೆವ್ವ ಪುಣ್ಯವಂತೆ! ಶಿವಮಲ್ಲಮ್ಮನಿಗೆ ಅಳು ಬಂತು. ದೊಡ್ಡಗಾಜನೂರಿನಲ್ಲಿದ್ದ ಕೆಂಚಮ್ಮನಿಗೆ ಹೊಸ ಸೆಲ್ ಫೋನಿನಲ್ಲಿ ಕರೆ ಮಾಡಿದಳು.

“ಬೆಳ್ಳುಳ್ಳಿ ಕೀಳೋ ಕಾಲ ಕಣಮ್ಮಿ. ದೆವ್ವಕ್ಕೆಲ್ಲಿ ಪುರ್ಸೊತ್ತು?” ಎಂದು ಕೆಂಚಮ್ಮ ಫೋನ್ ಇಟ್ಟುಬಿಟ್ಟಳು.

ಗಂಡ ರುದ್ರಸ್ವಾಮಿ ನಕ್ಕ. “ಈ ವಯಸ್ನಾಗೆ ದೆವ್ವದ ಕತೆ ಓದ್ತಿಯಲ್ಲ, ನಾಚ್ಕ ಆಗಲ್ವಾ?”

“ಇಪ್ಪತ್ತು ವರ್ಸ ನಿಮ್ ಮೊಕ ನೋಡಿ ನೋಡಿ ನನ್ ಭಯನೇ ಸತ್ತೋಯ್ತು. ಸುಮ್ನಿರಿ!”

ಶುಕ್ರವಾರ ಶಾಸ್ತ್ರೋಕ್ತವಾಗಿ ಹೆದರಲು ನಿರ್ಧರಿಸಿದಳು. ತಲೆಗೆ ನೀರು ಹಾಕಿಕೊಂಡು, ಕೂದಲು ಬಿಟ್ಟುಕೊಂಡು, ನಡುಮಧ್ಯಾಹ್ನ ಹುಣಸೆಮರದಡಿ ಹೋಗಬಾರದೆಂದು ಹಿರಿಯರು ಹೇಳಿದ್ದರಲ್ಲ? ಮೂರನ್ನೂ ಒಟ್ಟಿಗೇ ಮಾಡಿದಳು. ಹೊಲದ ಮೋಟರ್ ಶೆಡ್ಡಿನ ಪಕ್ಕದ ಮರದಡಿ ಕೂತು ಓದಿದಳು. ಏನೂ ಇಲ್ಲ. ಕೊನೆಗೆ ಕಣ್ಣುಮುಚ್ಚಿ ಕೈ ಚಾಚಿ, “ಬಾರೇ... ಒಂದೇ ಒಂದ್ಸಲ ಬಾರೇ!” ಎಂದು ಗೋಗರೆದಳು. ಕರೆದದ್ದು ದೆವ್ವವನ್ನೋ ಕೆಂಚಮ್ಮನನ್ನೋ, ಅವಳಿಗೇ ತಿಳಿಯದು.

ಬೆನ್ನ ಹಿಂದೆ ಘೋರ ಚೀತ್ಕಾರ! ಆಹಾ, ಮೈ ಜುಮ್ಮೆಂದಿತು. ತಿರುಗಿ ನೋಡಿದರೆ ಗಂಡನ ಎರಡು ಚಪ್ಪಲಿ ಮಾತ್ರ ಬಿದ್ದಿದ್ದವು. ಹನ್ನೆರಡಕ್ಕೆ ಕರೆಂಟು ಬರುವ ಹೊತ್ತು. ಮೋಟರ್ ಹಾಕಲು ಬಂದಿದ್ದ.

ಮನೆಗೆ ಬಂದರೆ ರುದ್ರಸ್ವಾಮಿ ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದ.

“ಉಣ್ಸೆಮರದಡಿ ಕೂದ್ಲು ಕೆದ್ರಕೊಂಡು ಕೂತಿತ್ತು ಕಣಮ್ಮಿ! ಕೈಚಾಚಿ ಬಾ ಬಾ ಅಂತು!”

“ಎಂಗಿದ್ಲು?” ಶಿವಮಲ್ಲಮ್ಮ ಕೊಂಚ ಆಸೆಯಿಂದಲೇ ಕೇಳಿದಳು.

“ನಿನ್ ಪುಸ್ತಕದೋಳು ಚೆಂದುಳ್ಳಿ. ಇವ್ಳು ದಪ್ಪ ಕಣಮ್ಮಿ, ಮುದುಕಿ!”

ನನ್ನ ಪುಸ್ತಕ ಕದ್ದು ಓದಿದ್ದೀರಾ ಎಂದು ಜಾಡಿಸಲು ಬಾಯಿ ತೆರೆದಳು. ಜಾಡಿಸಿದರೆ ಆ ದಪ್ಪ ಮುದುಕಿ ಯಾರೆಂದು ಹೇಳಬೇಕಾದೀತು. ಬಾಯಿ ಮುಚ್ಚಿಕೊಂಡಳು.

ಅಂದಿನಿಂದ ಉರಿಬಿಸಿಲಲ್ಲಿ ಮೋಟರ್ ಹಾಕಲು ಹೋಗುವವಳು ಅವಳೇ. ಮರದಡಿ ಒಂದು ಗಳಿಗೆ ನಿಂತು ಕೈ ಚಾಚುತ್ತಾಳೆ. ಉಗುರು ನಾಟಿಸುವವರು ಯಾರೂ ಇಲ್ಲ. ಮನೆಯಲ್ಲಿ ರುದ್ರಸ್ವಾಮಿ ಕಂಬಳಿ ಹೊದ್ದು ಅದೇ ಪುಸ್ತಕವನ್ನು ಮೂರನೇ ಸಲ ಓದುತ್ತಾ ಸುಖವಾಗಿ ನಡುಗುತ್ತಿರುತ್ತಾನೆ. ಪುಣ್ಯವಂತ!